ಜೆಮಿನಿಡ್ ಉಲ್ಕಾಕಣಗಳ ಗುಣ ಮತ್ತು ಮೂಲ: ಫೇಥಾನ್ ಬಾಲದ ಒಂದು ತಪ್ಪು ಓದು

ಡಿಸೆಂಬರ್ 13–14ರ ಸುಮಾರಿಗೆ ಮಿಥುನ ರಾಶಿಯ ದಿಕ್ಕಿನಿಂದ ಬೀಳುವ ಜೆಮಿನಿಡ್ ಉಲ್ಕಾವೃಷ್ಟಿಯ ಬಗ್ಗೆ ಒಂದು ದಶಕದಿಂದ ಒಂದೇ ಮಾತು ಬರಹದಿಂದ ಬರಹಕ್ಕೆ ದಾಟುತ್ತ ಬಂದಿದೆ: ಫೇಥಾನ್ ಎಂಬ ಕ್ಷುದ್ರಗ್ರಹ ಸೂರ್ಯನ ಬಳಿ ಸಾರಿದಾಗಲೆಲ್ಲ ಕಾದು, ಬಿರುಕು ಬಿಟ್ಟು, ಧೂಳು ಉದುರಿಸುತ್ತದೆ, ಆ ಧೂಳೇ ನಮ್ಮ ಆಕಾಶದಲ್ಲಿ ಉರಿಯುವ ಉಲ್ಕೆಗಳು. ಇದರಲ್ಲಿ ಎರಡು ಹೇಳಿಕೆಗಳು ಸೇರಿಕೊಂಡಿವೆ. ಮೊದಲನೆಯದು 2023ರಲ್ಲಿ ಬಿದ್ದುಹೋಯಿತು. ಎರಡನೆಯದಕ್ಕೆ ಆಧಾರವೇ ಇರಲಿಲ್ಲ. ಬಾಲವನ್ನು ಮೊದಲು ಕಂಡವರೇ ಆ ಬಗ್ಗೆ ಎಚ್ಚರಿಸಿದ್ದರು. ಅವರ ಪ್ರಬಂಧವನ್ನು ಉಲ್ಲೇಖಿಸಿದವರಲ್ಲಿ ಹಲವರು ಆ ಎಚ್ಚರಿಕೆಯನ್ನು ಕೈಬಿಟ್ಟರು.

ಜೆಮಿನಿಡ್ ಕಣಗಳ ಸಾಂದ್ರತೆ, ಗಟ್ಟಿತನ, ರಾಸಾಯನಿಕ ಗುಣ ಇವುಗಳ ಬಗ್ಗೆ ಸಾಕಷ್ಟು ದತ್ತಾಂಶವಿದೆ. ಆದರೂ ಅವು ಎಲ್ಲಿಂದ, ಹೇಗೆ ಹುಟ್ಟಿದವೆಂಬ ಪ್ರಶ್ನೆ ಪದೇ ಪದೇ ದಾರಿ ತಪ್ಪಿದೆ. ಕಾರಣವೆಂದರೆ, ಕಣಗಳೇ ಕೊಡುವ ಸಾಕ್ಷ್ಯವನ್ನು ಬದಿಗಿಟ್ಟು ತಾಯಿಕಾಯದ ಒಂದು ಮಸುಕು ಚಿತ್ರವನ್ನು ಮುಂದಿಟ್ಟುಕೊಂಡದ್ದು. ಆದ್ದರಿಂದ ಆ ಚಿತ್ರದಿಂದಲೇ ತೊಡಗಬೇಕು.

ಫೇಥಾನ್ 5–6 ಕಿ.ಮೀ. ಅಡ್ಡಳತೆಯ ಕಾಯ. 524 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಪುರರವಿಯಲ್ಲಿ, ಅಂದರೆ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದುವಿನಲ್ಲಿ, ಅದಕ್ಕೂ ಸೂರ್ಯನಿಗೂ ನಡುವೆ ಇರುವುದು 0.14 ಖಗೋಳಮಾನ, ಸುಮಾರು 2.1 ಕೋಟಿ ಕಿ.ಮೀ. ಇದು ಬುಧನ ದೂರದ ಅರ್ಧಕ್ಕಿಂತ ಕಡಿಮೆ. ಆಗ ಫೇಥಾನಿನ ಮೇಲ್ಮೈಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ದಿನಗಳಲ್ಲಿ ಅದು ಸೂರ್ಯನ ಪ್ರಭೆಯೊಳಗೆ ಮರೆಯಾಗಿರುವುದರಿಂದ ನೆಲದ ದೂರದರ್ಶಕಗಳಿಗೆ ಸಿಗುವುದಿಲ್ಲ. ಸೂರ್ಯನನ್ನು ನೋಡಲೆಂದೇ ಕಳುಹಿಸಿದ ನೌಕೆಗಳ ಕ್ಯಾಮೆರಾಗಳಲ್ಲಿ ಮಾತ್ರ ಒಂದು ಚುಕ್ಕಿಯಾಗಿ ಹಾದುಹೋಗುತ್ತದೆ.

2009ರ ಜೂನ್‌ನಲ್ಲಿ ಆದದ್ದು ಅದೇ. ನಾಸಾದ ಸ್ಟೀರಿಯೊ ನೌಕೆಯ ಹೀಲಿಯೋಸ್ಫೆರಿಕ್ ಇಮೇಜರ್ ತೆಗೆದ ಚಿತ್ರಗಳಲ್ಲಿ ಫೇಥಾನ್ ಜೂನ್ 20ರಂದು, ಪುರರವಿಯ ಹೊತ್ತಿಗೇ, ಇದ್ದಕ್ಕಿದ್ದಂತೆ ಎರಡು ಪಟ್ಟು ಬೆಳಗಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಯಿಟ್ ಮತ್ತು ಜಿಂಗ್ ಲೀ 2010ರಲ್ಲಿ ಇದನ್ನು ಪ್ರಕಟಿಸಿದರು. ಬರಿಯ ಬಂಡೆ ಹೀಗೆ ಬೆಳಗಲು ಕಾರಣವಿಲ್ಲ. ಬೆಳಕನ್ನು ಚದುರಿಸುವ ಮೇಲ್ಮೈ ವಿಸ್ತೀರ್ಣ ಒಮ್ಮೆಗೇ ಹೆಚ್ಚಿರಬೇಕು. ಹಾಗೆ ಹೆಚ್ಚಿಸಬಲ್ಲದ್ದು ಧೂಳು. ಅವರ ತರ್ಕದ ಸರಣಿ ಇದು. ಬಿಸಿಗೆ ಬಂಡೆ ಸೀಳುತ್ತದೆ, ನೀರಿನಂಶ ಹಿಡಿದಿಟ್ಟುಕೊಂಡ ಖನಿಜಗಳು ಒಡೆಯುತ್ತವೆ, ಧೂಳು ಹೊರಬೀಳುತ್ತದೆ ಎಂದು ಅವರು ವಿವರಿಸಿದರು. ಇಂಥ ಕಾಯಕ್ಕೆ ‘ಶಿಲಾ ಧೂಮಕೇತು’ ಎಂಬ ಆಕರ್ಷಕ ಹೆಸರನ್ನೂ ಕೊಟ್ಟರು. 2012ರ ಪುರರವಿಯಲ್ಲಿ ಅದೇ ಬೆಳಗು ಮರುಕಳಿಸಿತು. 2013ರಲ್ಲಿ ಜೆಸಿಕಾ ಅಗರ್ವಾಲ್ ಅವರನ್ನೂ ಜತೆಗೂಡಿಸಿಕೊಂಡು, ಸೂರ್ಯನಿಗೆ ವಿಮುಖವಾಗಿ ಚಾಚಿದ ಸುಮಾರು 2.5 ಲಕ್ಷ ಕಿ.ಮೀ. ಉದ್ದದ ಬಾಲವೊಂದನ್ನು ಅವರು ಅದೇ ಕ್ಯಾಮೆರಾದ ಚಿತ್ರಗಳಿಂದ ಹೊರತೆಗೆದರು.

ಎರಡೂವರೆ ಲಕ್ಷ ಕಿಲೋಮೀಟರ್ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಆಕಾಶದಲ್ಲಿ ಅದರ ಉದ್ದ ಸುಮಾರು 350 ಕೋನೀಯ ಸೆಕೆಂಡು. ಆ ಕ್ಯಾಮೆರಾದ ಒಂದು ಪಿಕ್ಸೆಲ್ ಆವರಿಸುವುದು 70 ಕೋನೀಯ ಸೆಕೆಂಡು. ಅಂದರೆ ಇಡೀ ಬಾಲ ಐದು ಪಿಕ್ಸೆಲ್. ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ಸೌರ ಪ್ರಭಾವಲಯದ ಹಿನ್ನೆಲೆ ಬೆಳಕನ್ನು ಕಳೆದ ಮೇಲೆ ಉಳಿದ ಐದು ಪಿಕ್ಸೆಲ್‌ಗಳ ಮಸುಕು ಗೆರೆ. ಅದಕ್ಕೆ ಬಣ್ಣವಿಲ್ಲ, ರೋಹಿತವಿಲ್ಲ. ಆಕಾರ ಮತ್ತು ಹೊಳಪು, ಇವೆರಡೇ ಕೈಗೆ ಸಿಕ್ಕವು. ಅವನ್ನೇ ಹಿಡಿದು, ಬಾಲ ಅಷ್ಟು ಬೇಗ ಹುಟ್ಟಿ ಅಷ್ಟು ನೇರವಾಗಿ ಚಾಚಬೇಕಾದರೆ ಕಣಗಳು ಒಂದು ಮೈಕ್ರಾನ್ ಗಾತ್ರದವಾಗಿರಬೇಕು, ಒಟ್ಟು ದ್ರವ್ಯರಾಶಿ ಒಂದು ಸುತ್ತಿಗೆ ಸುಮಾರು 3 ಲಕ್ಷ ಕೆ.ಜಿ. ಎಂದು ಲೆಕ್ಕ ಹಾಕಿದರು. ಧೂಳೆಂದು ಒಪ್ಪಿದರೆ ಲೆಕ್ಕದಲ್ಲಿ ತಪ್ಪಿಲ್ಲ. ಧೂಳೆಂದು ಏಕೆ ಒಪ್ಪಬೇಕು ಎನ್ನುವುದಷ್ಟೇ ಪ್ರಶ್ನೆ.

ಒಪ್ಪಲು ಒಂದು ಕಾರಣವಿತ್ತು, ಅದನ್ನು ನ್ಯಾಯವಾಗಿ ಹೇಳಬೇಕು. ಇಂಥ ಬಿಸಿಯಲ್ಲಿ ಧೂಳಲ್ಲದೆ ಬೆಳಗಬಲ್ಲ ಇನ್ನೊಂದು ವಸ್ತು ಸೋಡಿಯಂ ಆವಿ. ಅದು ಬೆಳಗುವುದು 589 ನ್ಯಾನೊಮೀಟರ್ ತರಂಗದೂರದ ಕಿತ್ತಳೆ-ಹಳದಿ ಜೋಡಿ ರೇಖೆಗಳಲ್ಲಿ. ಸ್ಟೀರಿಯೊ ಕ್ಯಾಮೆರಾದ ಫಿಲ್ಟರ್ ರೂಪುಗೊಂಡದ್ದು 630ರಿಂದ 730 ನ್ಯಾನೊಮೀಟರ್‌ವರೆಗಿನ ಕೆಂಪು ಬೆಳಕಿಗೆ. ಕಾಗದದ ಮೇಲೆ ಸೋಡಿಯಂ ಅದರೊಳಗೆ ನುಸುಳುವಂತಿಲ್ಲ. ಆದ್ದರಿಂದ ಆಗ ಸೋಡಿಯಂ ಸಾಧ್ಯತೆಯನ್ನು ಯಾರೂ ಬೆನ್ನುಹತ್ತಲಿಲ್ಲ.

ಕಾಗದದ ಮಾತು ನಂಬತಕ್ಕದ್ದಲ್ಲ ಎಂಬುದಕ್ಕೆ ಸಾಕ್ಷ್ಯ ಮೊದಲೇ ಒದಗಿತ್ತು. ಈ ಚರಿತ್ರೆಯಲ್ಲಿ ಕಡೆಗಣಿಸಲಾದ ಮೂಲ ಅದೇ. ಬುಧ ಗ್ರಹಕ್ಕೆ ಸೋಡಿಯಂ ಬಾಲವಿರುವುದು ನೆಲದ ವೀಕ್ಷಣೆಗಳಿಂದ ತಿಳಿದಿತ್ತು. 2010ರಲ್ಲಿ ರೋಮ್‌ನಲ್ಲಿ ನಡೆದ ಯುರೋಪಿಯನ್ ಗ್ರಹವಿಜ್ಞಾನ ಸಮ್ಮೇಳನದಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಕಾರ್ಲ್ ಶ್ಮಿಟ್, ಬುಧನ ಹಿಂದೆ ಅಂಥದೇ ಬಾಲ ಸ್ಟೀರಿಯೊ ಚಿತ್ರಗಳಲ್ಲೂ ಕಾಣುತ್ತಿದೆ ಎಂದು ವರದಿ ಮಾಡಿದರು. ಅದರತ್ತ ಮೊದಲು ಗಮನ ಸೆಳೆದವರು ಆಸ್ಟ್ರೇಲಿಯಾದ ಹವ್ಯಾಸಿ ವೀಕ್ಷಕ ಇಯಾನ್ ಮಸ್ಗ್ರೇವ್. ಆ ಫಿಲ್ಟರಿನ ಮೂಲಕ ಸೋಡಿಯಂ ಅಷ್ಟು ಹೊಳೆಯಬಾರದಾಗಿದ್ದರಿಂದ, ಇದು ಬೇರೊಂದು ಅನಿಲವೇ ಎಂಬ ಅನುಮಾನ ಆಗ ಮೂಡಿತು. ಫಿಲ್ಟರನ್ನೇ ಅನುಮಾನಿಸಲು ಮತ್ತೆ ಹನ್ನೆರಡು ಹದಿಮೂರು ವರ್ಷ ಬೇಕಾಯಿತು. ಫೇಥಾನಿನ ‘ಧೂಳು ಬಾಲ’ದ ಪ್ರಬಂಧ ಬಂದದ್ದು ಈ ವರದಿಯ ಮೂರು ವರ್ಷಗಳ ನಂತರ, ಅದೇ ಕ್ಯಾಮೆರಾವನ್ನು ನೆಚ್ಚಿಕೊಂಡು.

ಗಂಟು ಬಿಡಿಸಿದವರು ಆಗ ಕ್ಯಾಲ್‌ಟೆಕ್‌ನಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದ ಚಿಚೆಂಗ್ ಜಾಂಗ್. 2022ರ ಮೇ ತಿಂಗಳ ಪುರರವಿಯಲ್ಲಿ ಸೋಹೊ ನೌಕೆಯ ಲಾಸ್ಕೊ ಕ್ಯಾಮೆರಾದಲ್ಲಿ ಫೇಥಾನನ್ನು ಬೇರೆ ಬೇರೆ ಬಣ್ಣದ ಫಿಲ್ಟರುಗಳ ಮೂಲಕ ನೋಡುವ ವ್ಯವಸ್ಥೆಯಾಯಿತು. ಲಾಸ್ಕೊದ ಕಿತ್ತಳೆ ಫಿಲ್ಟರ್ ಸೋಡಿಯಂ ರೇಖೆಗಳನ್ನು ಒಳಬಿಡುತ್ತದೆ, ನೀಲಿ ಬಿಡುವುದಿಲ್ಲ. ಧೂಳಾದರೆ ಸೂರ್ಯನ ಬೆಳಕನ್ನೇ ಚದುರಿಸುವುದರಿಂದ ಎರಡರಲ್ಲೂ ಕಾಣಲೇಬೇಕು. ಫೇಥಾನ್ ಕಿತ್ತಳೆಯಲ್ಲಿ ಬಾಲದೊಡನೆ ಬೆಳಗಿತು. ನೀಲಿಯಲ್ಲಿ ಆ ಬಾಲದ ಸುಳಿವಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ, ಲಾಸ್ಕೊ ಕಂಡದ್ದು ಸೋಡಿಯಂ, ಸ್ಟೀರಿಯೊ ಕಂಡದ್ದು ಧೂಳು ಎಂದು ಧೂಳುವಾದಿಗಳು ರಾಜಿ ಮಾಡಿಕೊಳ್ಳಬಹುದಿತ್ತು. ಆ ದಾರಿಯನ್ನೂ ಜಾಂಗ್ ತಂಡ ಮುಚ್ಚಿತು. ಬಾಹ್ಯಾಕಾಶದಲ್ಲಿ ವರ್ಷಗಟ್ಟಲೆ ಇದ್ದ ಸ್ಟೀರಿಯೊ ಫಿಲ್ಟರ್ ಹದಗೆಟ್ಟಿದೆ, ಮೊದಲು ತಡೆಯುತ್ತಿದ್ದ ಸೋಡಿಯಂ ಬೆಳಕನ್ನು ಈಗ ಗಣನೀಯವಾಗಿ ಒಳಬಿಡುತ್ತಿದೆ ಎಂದು ಅವರು ತೋರಿಸಿದರು. ಎಷ್ಟು ಒಳಬಿಡುತ್ತಿದೆ ಎಂಬುದನ್ನು ಅಳೆಯಲು ಬಳಸಿದ ಮಾನದಂಡ ಮತ್ತೇನಲ್ಲ, ಬುಧನ ಬಾಲ. ಬುಧನ ಸೋಡಿಯಂ ಎಷ್ಟು ಹೊಳೆಯಬೇಕೆಂಬುದು ಗೊತ್ತು, ಚಿತ್ರದಲ್ಲಿ ಎಷ್ಟು ಹೊಳೆಯಿತೆಂಬುದೂ ಗೊತ್ತು, ಉಳಿದದ್ದು ಭಾಗಾಕಾರ. ಪ್ರಬಂಧದ ಸಹಲೇಖಕರಲ್ಲಿ ಕಾರ್ಲ್ ಶ್ಮಿಟ್ ಅವರ ಹೆಸರೂ ಇದೆ. 2010ರಲ್ಲಿ ಒಗಟಾಗಿ ಉಳಿದಿದ್ದ ವೀಕ್ಷಣೆ 2023ರಲ್ಲಿ ಅಳತೆಗೋಲಾಯಿತು. ಉಲ್ಕಾಶಾಸ್ತ್ರದ ಇತ್ತೀಚಿನ ಚರಿತ್ರೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಅಪರೂಪ.

ಬಾಲ ಪುರರವಿಯ ಹೊತ್ತಿಗೇ ಹುಟ್ಟಿ ಒಂದೆರಡು ದಿನಗಳಲ್ಲಿ ಅಡಗುವುದೂ ಸೋಡಿಯಂ ಲೆಕ್ಕಕ್ಕೆ ತಾನಾಗಿ ಒದಗುತ್ತದೆ. ಸೂರ್ಯನ ರೋಹಿತದಲ್ಲಿ ಸೋಡಿಯಂ ರೇಖೆಗಳ ಜಾಗ ಕಪ್ಪು. ಸೂರ್ಯನ ವಾತಾವರಣದ ಸೋಡಿಯಮ್ಮೇ ಅಲ್ಲಿಯ ಬೆಳಕನ್ನು ಹೀರಿರುತ್ತದೆ. ಸೂರ್ಯನಿಗೆ ಹತ್ತಿರವೂ ಬಾರದೆ ದೂರವೂ ಸರಿಯದೆ ಇರುವ ಪರಮಾಣುವಿಗೆ ಆ ಕಪ್ಪು ಪಟ್ಟಿಯೇ ಎದುರಾಗುವುದರಿಂದ ಬೆಳಗಲು ಬೆಳಕು ಸಾಲದು. ದೂರ ಸರಿಯತೊಡಗಿದಂತೆ ಡಾಪ್ಲರ್ ಪಲ್ಲಟದಿಂದ ಪಟ್ಟಿಯ ಅಂಚು ದಾಟಿ ಪ್ರಖರ ಬೆಳಕಿಗೆ ತೆರೆದುಕೊಳ್ಳುತ್ತದೆ, ಬೆಳಕಿನ ಒತ್ತಡ ಹೆಚ್ಚುತ್ತದೆ, ವೇಗ ಇನ್ನೂ ಹೆಚ್ಚುತ್ತದೆ, ಇನ್ನೂ ಬೆಳಗುತ್ತದೆ. ಪುರರವಿಗೆ ಮೊದಲು, ಕಾಯ ಸೂರ್ಯನತ್ತ ಧಾವಿಸುತ್ತಿರುವಾಗ, ಇದೇ ಒತ್ತಡ ಪರಮಾಣುವಿನ ವೇಗವನ್ನು ತಗ್ಗಿಸಿ ಅದನ್ನು ಕಪ್ಪು ಪಟ್ಟಿಯೊಳಕ್ಕೆ ನೂಕುತ್ತದೆ. ಬೆಳಗು ಪುರರವಿಯ ಈಚೆಗೆ ವಾಲುವುದು ಇದರಿಂದ. 1997ರಿಂದ 2022ರವರೆಗಿನ 18 ಪುರರವಿಗಳ ಚಿತ್ರಗಳಿಗೆ ಇದೊಂದೇ ಲೆಕ್ಕ ಒಪ್ಪುತ್ತದೆ. ಧೂಳುವಾದಕ್ಕೆ ಈ ಸಮಯಪಾಲನೆಯನ್ನು ಬೇರೆಯಾಗಿ ವಿವರಿಸಬೇಕಾದ ಹೊರೆ ಇತ್ತು.

ಫೇಥಾನಿನಿಂದ ಸೋಡಿಯಂ ಹೊರಹೊಮ್ಮಬಹುದೆಂದು 2021ರಲ್ಲೇ ಜೋಸೆಫ್ ಮಸೀರೊ ತಂಡ ಊಹಿಸಿತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು. 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಅಯೆಂಡೆ ಉಲ್ಕಾಪಿಂಡದ ಚೂರುಗಳನ್ನು ಅವರು ಫೇಥಾನಿನ ಪುರರವಿಯ ಉಷ್ಣತೆಗೆ ಕಾಯಿಸಿದರು. ಇಟ್ಟ ಅವಧಿ ಸುಮಾರು ಮೂರು ಗಂಟೆ, ಫೇಥಾನಿನ ಒಂದು ಹಗಲುರಾತ್ರಿಯ ಆಸುಪಾಸು. ಉಳಿದ ಧಾತುಗಳು ಜಾಗ ಬಿಡಲಿಲ್ಲ. ಸೋಡಿಯಂ ಹೊರಟುಹೋಯಿತು.

ಇನ್ನು ಎರಡನೆಯ ಹೇಳಿಕೆ. ಬಾಲ ಧೂಳೇ ಆಗಿದ್ದರೂ ಅದು ಜೆಮಿನಿಡ್‌ಗಳ ಮೂಲವಾಗುವುದು ಸಾಧ್ಯವಿರಲಿಲ್ಲ. ಜೆಮಿನಿಡ್ ಪ್ರವಾಹದ ಒಟ್ಟು ದ್ರವ್ಯರಾಶಿ ಕಡಿಮೆಯೆಂದರೂ 10 ಲಕ್ಷ ಕೋಟಿ ಕೆ.ಜಿ. ಆಸುಪಾಸು, ಅದಕ್ಕೆ ನೂರು ಪಟ್ಟು ಹೇಳುವವರೂ ಇದ್ದಾರೆ. ಸುತ್ತಿಗೆ 3 ಲಕ್ಷ ಕೆ.ಜಿ.ಯಂತೆ ಇಷ್ಟನ್ನು ಕೂಡಿಹಾಕಲು ಮೂರು ಕೋಟಿಗೂ ಹೆಚ್ಚು ಸುತ್ತುಗಳು, ಅಂದರೆ ನಾಲ್ಕೂವರೆ ಕೋಟಿ ವರ್ಷಗಳಿಗೂ ಮಿಕ್ಕಿ ಬೇಕು. ಪ್ರವಾಹದ ವಯಸ್ಸೋ ಸಾವಿರದ ಲೆಕ್ಕದ್ದು. ಮೇಲಾಗಿ, ಒಂದು ಮೈಕ್ರಾನ್ ಕಣ ಸೂರ್ಯನ ಬೆಳಕಿನ ಒತ್ತಡಕ್ಕೇ ಸೌರವ್ಯೂಹದಿಂದ ಹೊರದಬ್ಬಲ್ಪಡುತ್ತದೆ. ನಮ್ಮ ಆಕಾಶದಲ್ಲಿ ಕಣ್ಣಿಗೆ ಕಾಣುವಂತೆ ಉರಿಯುವ ಜೆಮಿನಿಡ್‌ಗಳು ಮಿಲಿಮೀಟರಿನಿಂದ ಸೆಂಟಿಮೀಟರ್ ಗಾತ್ರದವು. ಜೂಯಿಟ್ ಅವರ ಪ್ರಬಂಧಗಳಲ್ಲೇ ಈ ಅಂತರವನ್ನು ಒಪ್ಪಿಕೊಂಡಿದೆ. ಹಾಗಾಗಿ ಇಲ್ಲಿಯ ಆಕ್ಷೇಪ ಅವರ ಮೇಲಲ್ಲ. ಮೂಲವನ್ನು ಪೂರ್ತಿ ಓದದೆ ‘ಶಿಲಾ ಧೂಮಕೇತು’ ಎಂಬ ಶೀರ್ಷಿಕೆಯನ್ನಷ್ಟೇ ಹೊತ್ತು ತಿರುಗಿದ ಸಾರಾಂಶಕಾರರ ಮೇಲೆ.

ಕಣಗಳ ಕಡೆಗೆ ತಿರುಗಿದರೆ, ಇನ್ನೊಂದು ಹಳೆಯ ಅವಸರ ಎದುರಾಗುತ್ತದೆ: ಜೆಮಿನಿಡ್‌ಗಳು ಸಾಂದ್ರ, ಧೂಮಕೇತುವಿನ ಕಣಗಳು ಪೊಳ್ಳು, ಆದ್ದರಿಂದ ಜೆಮಿನಿಡ್‌ಗಳು ಕ್ಷುದ್ರಗ್ರಹದವು.

ಸಾಂದ್ರತೆಯನ್ನು ಯಾರೂ ತೂಗಿ ನೋಡಿಲ್ಲ. ಕ್ಯಾಮೆರಾದಲ್ಲಿ ಸೆರೆಯಾದ ಉಲ್ಕೆ ಗಾಳಿಯ ತಡೆಗೆ ಎಷ್ಟು ವೇಗ ಕಳೆದುಕೊಂಡಿತು ಎಂಬುದರಿಂದ ಸಿಗುವುದು ದ್ರವ್ಯರಾಶಿಯೂ ಅಲ್ಲ, ಸಾಂದ್ರತೆಯೂ ಅಲ್ಲ. ದ್ರವ್ಯರಾಶಿಯನ್ನು ಸಾಂದ್ರತೆಯ ವರ್ಗದಿಂದ ಗುಣಿಸಿದರೆ ಬರುವ ಒಂದು ಸಂಖ್ಯೆ. ಅದರಿಂದ ಸಾಂದ್ರತೆಯನ್ನು ಬಿಡಿಸಿಕೊಳ್ಳಬೇಕಾದರೆ ದ್ರವ್ಯರಾಶಿ ಬೇರೆ ದಾರಿಯಿಂದ ತಿಳಿಯಬೇಕು. ಆ ದಾರಿ ಉಲ್ಕೆಯ ಹೊಳಪು. ಆದರೆ ಉರಿಯುವ ಕಣದ ಶಕ್ತಿಯಲ್ಲಿ ಎಷ್ಟು ಪಾಲು ಬೆಳಕಾಗುತ್ತದೆ ಎಂಬ ಗುಣಾಂಕವನ್ನು ಊಹಿಸಿಕೊಳ್ಳದೆ ಆ ದಾರಿ ಮುಂದೆ ಸಾಗದು. ಆ ಗುಣಾಂಕವನ್ನು ನಾಲ್ಕು ಪಟ್ಟು ಹೆಚ್ಚಿಸಿ ನೋಡಿದರೆ ದ್ರವ್ಯರಾಶಿ ಕಾಲು ಭಾಗಕ್ಕಿಳಿಯುತ್ತದೆ, ಸಾಂದ್ರತೆ ಇಮ್ಮಡಿಯಾಗುತ್ತದೆ. ಕಣ ನಡುದಾರಿಯಲ್ಲಿ ಚೂರಾದರೆ ತೊಡಕು ಇನ್ನೂ ಹೆಚ್ಚು. ಚೂರುಗಳು ಬೇಗ ವೇಗ ಕಳೆದುಕೊಳ್ಳುತ್ತವೆ. ಇಡೀ ಕಣವೇ ಹಗುರವಾಗಿತ್ತು ಎಂದು ಸಮೀಕರಣ ಹೇಳುತ್ತದೆ.

ಅಂಕಿಗಳು ಅಲೆದಾಡಿದ ಬಗೆ ನೋಡಿದರೆ ಇದು ಸ್ಪಷ್ಟ. ಹಾರ್ವರ್ಡ್‌ನ ಸೂಪರ್-ಷ್ಮಿಟ್ ಕ್ಯಾಮೆರಾಗಳು ನ್ಯೂ ಮೆಕ್ಸಿಕೊದಲ್ಲಿ 1950ರ ದಶಕದಲ್ಲಿ ತೆಗೆದ ಚಿತ್ರಗಳು ಉಲ್ಕಾಶಾಸ್ತ್ರದ ದೊಡ್ಡ ಭಂಡಾರ. ಲುಯಿಜಿ ಯಾಕಿಯಾ ಮತ್ತು ಸಂಗಡಿಗರು ಅದರಿಂದ 413 ಉಲ್ಕೆಗಳ ವಿವರವಾದ ವಿಶ್ಲೇಷಣೆಯನ್ನು 1967ರಲ್ಲಿ ಪ್ರಕಟಿಸಿದರು. ಆ ಭಂಡಾರವನ್ನೇ ಆಧರಿಸಿ ಫ್ರಾಂಕೊ ವೆರ್ನಿಯಾನಿ ಜೆಮಿನಿಡ್‌ಗಳಿಗೆ ಘನ ಸೆಂಟಿಮೀಟರಿಗೆ ಸುಮಾರು 1 ಗ್ರಾಂ ಸಾಂದ್ರತೆ ಕಟ್ಟಿದರು. 2002ರಲ್ಲಿ ಲೂಯಿಸ್ ಬೆಲ್ಯೊಟ್ ರುಬಿಯೊ ಮತ್ತು ಸಂಗಡಿಗರು ಅದೇ ಭಂಡಾರದಿಂದ ಪಡೆದದ್ದು 1.9. 2009ರಲ್ಲಿ ತಜಿಕಿಸ್ತಾನದ ಪುಲಾತ್ ಬಬಜಾನೊವ್ ಮತ್ತು ಗುಲ್ಚೆಹ್ರಾ ಕೊಖಿರೊವಾ, ಕಣಗಳು ಚೂರಾಗುವುದನ್ನು ಲೆಕ್ಕಕ್ಕೆ ಸೇರಿಸಿ 2.9 ಎಂದರು. ಮರುವರ್ಷ ಚೆಕ್ ಗಣರಾಜ್ಯದ ಯಿರ್ಷಿ ಬೊರೊವಿಚ್ಕಾ ಮತ್ತು ಸಂಗಡಿಗರು ಕಣದ ಸವೆತವನ್ನು ಬೇರೊಂದು ಮಾದರಿಯಲ್ಲಿ ಹಿಡಿದು 2.6ಕ್ಕೆ ಬಂದರು. ಕಣಗಳು ಬದಲಾಗಿರಲಿಲ್ಲ, ಅವುಗಳ ಬಗೆಗಿನ ಊಹೆಗಳು ಬದಲಾಗಿದ್ದವು. ಕೊನೆಯ ಎರಡು ಅಂಕಿಗಳು ಒಂದಕ್ಕೊಂದು ಹತ್ತಿರವಿರುವುದರಿಂದ, ಮತ್ತು ಎರಡೂ ಚೂರಾಗುವಿಕೆಯನ್ನು ನೇರವಾಗಿ ಎದುರಿಸುವುದರಿಂದ, ಅವುಗಳ ಮೇಲೆ ಭರವಸೆ ಇಡಬಹುದು. ಜೆಮಿನಿಡ್ ಕಣ ಸಾಂದ್ರ ಎಂಬುದು ನಿಜ. ಸಾಂದ್ರವಾದ್ದರಿಂದ ಅದರ ತಾಯಿ ಕ್ಷುದ್ರಗ್ರಹವೇ ಎಂಬುದು ಮಾತ್ರ ಬರುವುದಿಲ್ಲ.

ಅದಕ್ಕೆ ನಿರ್ಣಾಯಕ ಸಾಕ್ಷ್ಯ ಬಬಜಾನೊವ್–ಕೊಖಿರೊವಾ ಅವರ ಅದೇ ಕೋಷ್ಟಕದಲ್ಲಿದೆ. ಜೆಮಿನಿಡ್ ಸಾಲನ್ನಷ್ಟೇ ಉದ್ಧರಿಸುವವರು ಮೇಲೆ ಕೆಳಗೆ ಕಣ್ಣು ಹಾಯಿಸುವುದಿಲ್ಲ. ಲಿಯೊನಿಡ್‌ಗಳಿಗೆ 0.4, ಪರ್ಸೀಡ್‌ಗಳಿಗೆ 1.2, ಟಾರಿಡ್‌ಗಳಿಗೆ 1.6, ಮೂರೂ ಧೂಮಕೇತುವಿನ ಮಕ್ಕಳು, ನಿರೀಕ್ಷೆಯಂತೆ ಹಗುರ. ಆದರೆ ದಕ್ಷಿಣ ಡೆಲ್ಟಾ ಅಕ್ವೇರಿಡ್‌ಗಳಿಗೆ 2.4. ಈ ವೃಷ್ಟಿಯನ್ನು ಸಂಬಂಧಿಸುವುದು 96ಪಿ ಮಾಖೋಲ್ಜ್ ಧೂಮಕೇತುವಿನೊಡನೆ. ಅದು ಅನಿಲ ಸೂಸುವ, ಬಾಲವಿರುವ ಧೂಮಕೇತು ಎಂಬ ಬಗ್ಗೆ ಯಾರಿಗೂ ತಕರಾರಿಲ್ಲ. ಮಾಖೋಲ್ಜ್‌ನ ಪುರರವಿ 0.12 ಖಗೋಳಮಾನ, ಅದರ ಕಣಗಳದ್ದು ಇನ್ನೂ ಒಳಗೆ. ಧೂಮಕೇತುವಿನ ಕಣವೂ ಸೂರ್ಯನ ಬಳಿ ಮತ್ತೆ ಮತ್ತೆ ಬೆಂದರೆ ಜೆಮಿನಿಡ್‌ನಷ್ಟೇ ಸಾಂದ್ರವಾಗುತ್ತದೆ. ಸುಟ್ಟ ಇಟ್ಟಿಗೆಯ ಗಟ್ಟಿತನ ನೋಡಿ ಅದರ ಮಣ್ಣು ಯಾವ ಕೆರೆಯದೆಂದು ಹೇಳಲು ಬರುವುದಿಲ್ಲ. (ಕೋಷ್ಟಕದಲ್ಲಿ ಈ ಎರಡೂ ಅಂಕಿಗಳ ಮುಂದೆ 0.6ರಷ್ಟು ಅನಿಶ್ಚಿತತೆ ನಮೂದಾಗಿದೆ. ಅದನ್ನು ಗಮನಿಸಿದರೆ ವಾದ ಇನ್ನೂ ಬಲಗೊಳ್ಳುತ್ತದೆ: 2.4 ಮತ್ತು 2.9 ಪ್ರತ್ಯೇಕ ಎನ್ನಲೂ ಆಗದು.)

ಹಾಗಾದರೆ ಮೂಲವನ್ನು ಕಣಗಳಿಂದ ಓದುವುದು ಹೇಗೆ? ಇಲ್ಲಿ ಪ್ರಾಗ್ ಬಳಿಯ ಒಂಡ್ರೆಯೊವ್ ವೀಕ್ಷಣಾಲಯದ ರೋಹಿತಗಳು ಬರುತ್ತವೆ. ಉಲ್ಕಾವೃಷ್ಟಿಯನ್ನು ಎಣಿಸುವವರಿಗೆ ಸಿಗುವ ಪ್ರಚಾರ ರೋಹಿತ ಓದುವವರಿಗೆ ಸಿಗುವುದಿಲ್ಲ, ಆದರೆ ಜೆಮಿನಿಡ್ ವಿಷಯದಲ್ಲಿ ಗಟ್ಟಿಯಾಗಿ ನಿಂತದ್ದು ಇವರ ಕೆಲಸ. ಉಲ್ಕೆಯ ಬೆಳಕನ್ನು ಚೆದರಿಸಿ ನೋಡಿದರೆ ಮೂರು ಗುರುತುಗಳು ಮುಖ್ಯ: 518 ನ್ಯಾನೊಮೀಟರ್‌ನಲ್ಲಿ ಮೆಗ್ನೀಸಿಯಮ್ಮಿನ ಹಸಿರು, 589ರಲ್ಲಿ ಸೋಡಿಯಮ್ಮಿನ ಕಿತ್ತಳೆ, ಅಲ್ಲಲ್ಲಿ ಹರಡಿದ ಕಬ್ಬಿಣದ ರೇಖೆಗಳು. ಸಾಮಾನ್ಯ ಉಲ್ಕೆಯಲ್ಲಿ ಸೋಡಿಯಂ ಎದ್ದು ಕಾಣುತ್ತದೆ, ಕಡಿಮೆ ಬಿಸಿಗೇ ಆವಿಯಾಗಿ ಮೊದಲು ಬೆಳಗುವುದು ಅದೇ. 2005ರಲ್ಲಿ ಬೊರೊವಿಚ್ಕಾ ತಂಡ ಸೋಡಿಯಂ ಇಲ್ಲದ ಉಲ್ಕೆಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು, ಅವುಗಳಲ್ಲೊಂದು 0.2 ಖಗೋಳಮಾನಕ್ಕಿಂತ ಒಳಗೆ ಸೂರ್ಯನನ್ನು ಹಾಯುವ ಕಣಗಳದ್ದು. ಜೆಮಿನಿಡ್‌ಗಳೂ ಡೆಲ್ಟಾ ಅಕ್ವೇರಿಡ್‌ಗಳೂ ಇಂಥ ಕಕ್ಷೆಯವೇ.

ಜೆಮಿನಿಡ್‌ಗಳ ವಿಶೇಷವೆಂದರೆ, ಸೋಡಿಯಂ ಎಲ್ಲ ಕಣಗಳಲ್ಲೂ ಒಂದೇ ಸಮ ಕಡಿಮೆಯಿಲ್ಲ. ಒಂದೇ ರಾತ್ರಿ, ಒಂದೇ ವೇಗದಲ್ಲಿ—ಸೆಕೆಂಡಿಗೆ ಸುಮಾರು 35 ಕಿ.ಮೀ.—ಬಂದ ಎರಡು ಉಲ್ಕೆಗಳಲ್ಲಿ ಒಂದರ ಕಿತ್ತಳೆ ರೇಖೆ ಮಾಯವಾಗಿರುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಸಹಜವಾಗಿರುತ್ತದೆ. ಈ ಏರಿಳಿತವನ್ನು ಹಲವರು ಗೊಂದಲವೆಂದು ಬದಿಗಿಟ್ಟು ಸರಾಸರಿ ತೆಗೆದರು. ಈ ಲೇಖನದ ನಿಲುವಿನಲ್ಲಿ ಪ್ರವಾಹದ ಹುಟ್ಟಿನ ಬಗ್ಗೆ ಅತ್ಯಂತ ಹೆಚ್ಚು ಹೇಳಬಲ್ಲ ದತ್ತಾಂಶ ಈ ಏರಿಳಿತವೇ.

ಸೋಡಿಯಂ ಕಳೆದದ್ದು ಎಲ್ಲಿ ಎಂಬ ಬಗ್ಗೆ ಎರಡು ಪಕ್ಷಗಳಿವೆ. ಡೇವಿಡ್ ಚಾಪೆಕ್ ಮತ್ತು ಬೊರೊವಿಚ್ಕಾ 2009ರಲ್ಲಿ ಕಟ್ಟಿದ ಮಾದರಿಯಂತೆ ಅದು ಕಣದ ಗಾತ್ರಕ್ಕಿಂತ ಅದರೊಳಗಿನ ಖನಿಜ ಹರಳುಗಳ ಗಾತ್ರವನ್ನು ಅವಲಂಬಿಸುತ್ತದೆ: ಹರಳು ಸಣ್ಣದಾಗಿ, ನಡುವೆ ಸಂದುಗಳಿದ್ದರೆ ಸೋಡಿಯಂ ಬೇಗ ಹೊರಬರುತ್ತದೆ, ಹರಳು ದೊಡ್ಡದಾದರೆ ಒಳಗೇ ಉಳಿಯುತ್ತದೆ. ಕಣಗಳು ತಾಯಿಯಿಂದ ಬೇರ್ಪಟ್ಟ ಮೇಲೂ ನಷ್ಟ ನಡೆದಿರಬಹುದು ಎಂಬುದು ಇದರ ಇಂಗಿತ. ಜಪಾನಿನ ತೋಶಿಹಿರೊ ಕಸುಗಾ ಇದನ್ನು ಒಪ್ಪುವುದಿಲ್ಲ. ಬಾಹ್ಯಾಕಾಶದಲ್ಲಿ ತೇಲುವ ಕಣದಿಂದ ಸೋಡಿಯಂ ಬಸಿದುಹೋಗಲು ಬೇಕಾಗುವ ಕಾಲ ಪ್ರವಾಹದ ವಯಸ್ಸಿಗಿಂತ ದೊಡ್ಡದು. ಆದ್ದರಿಂದ ನಷ್ಟ ಫೇಥಾನ್ ಮೇಲೆಯೇ, ಕಣಗಳು ಬಿಡುಗಡೆಯಾಗುವ ಮೊದಲೇ ಆಗಿರಬೇಕು ಎಂಬುದು ಅವರ ಪಕ್ಷ.

2023ರ ಸೋಡಿಯಂ ಬಾಲ ಈ ವ್ಯಾಜ್ಯಕ್ಕೆ ಹೊಸ ಸಾಕ್ಷಿಯಾಗಿ ಬಂದಿದೆ. ಅದನ್ನು ಬಾಲದ ಚರ್ಚೆಯಲ್ಲಷ್ಟೇ ಬಳಸಿ ಕೈಬಿಟ್ಟಿರುವುದು ಸರಿಯಲ್ಲ. ಫೇಥಾನಿನಿಂದ ಈಗಲೂ ಸುತ್ತುಸುತ್ತಿಗೂ ಸೋಡಿಯಂ ಹೊರಬರುತ್ತಿದೆ ಎಂದರೆ ಬಿಸಿ ಮುಟ್ಟುವ ಆಳದಲ್ಲಿ ಇನ್ನೂ ಸೋಡಿಯಂ ಉಳಿದಿದೆ. ಕಸುಗಾ ಪಕ್ಷ ಪೂರ್ತಿ ಸರಿಯೆಂದರೂ, ಕಳೆದುಕೊಂಡದ್ದು ಮೇಲಿನ ಒಂದು ಪದರ ಮಾತ್ರ, ಇಡೀ ಕಾಯವಲ್ಲ. ಹಾಗಿದ್ದ ಮೇಲೆ ಸೋಡಿಯಂ ಸಹಜವಾಗಿರುವ ಜೆಮಿನಿಡ್ ಕಣ ಬಂದದ್ದು ಆ ಬೆಂದ ಪದರದ ಕೆಳಗಿನಿಂದ. ಮೇಲಿನ ಹೊಪ್ಪಳೆಯಷ್ಟೇ ಕಳಚಿ ಪ್ರವಾಹವಾಗಿದ್ದರೆ ಇಂಥ ಕಣಗಳು ಇರಬಾರದಿತ್ತು. ಆಳದವೂ ಮೇಲಿನವೂ ಒಟ್ಟಿಗೆ ಬಂದಿವೆ. ಚಾಪೆಕ್–ಬೊರೊವಿಚ್ಕಾ ಹೇಳುವ ಹರಳು ಗಾತ್ರದ ಪರಿಣಾಮ ಇದರ ಜತೆಗೇ ಇರಬಹುದು, ಇದನ್ನು ಅಲ್ಲಗಳೆಯುವುದಿಲ್ಲ.

ದ್ರವ್ಯರಾಶಿಯ ಲೆಕ್ಕವೂ ಇದೇ ಕಡೆ ಬೆರಳು ಮಾಡುತ್ತದೆ. ಫೇಥಾನಿನ ಗಾತ್ರಕ್ಕೆ ಅದರ ದ್ರವ್ಯರಾಶಿ 100 ಲಕ್ಷ ಕೋಟಿ ಕೆ.ಜಿ. ಸುಮಾರು. ಪ್ರವಾಹದ ಕನಿಷ್ಠ ಅಂದಾಜೇ ಅದರ ಹತ್ತನೆಯ ಒಂದು ಪಾಲು. ಇದು ಉದುರಿದ ಪುಡಿಯಲ್ಲ, ಮುರಿದ ತುಂಡು. 2018ರಿಂದ ಪಾರ್ಕರ್ ನೌಕೆಯ ಕ್ಯಾಮೆರಾ ಫೇಥಾನಿನ ಕಕ್ಷೆಯ ಉದ್ದಕ್ಕೂ ಹರಡಿದ ಧೂಳಿನ ಜಾಡನ್ನು ನೇರವಾಗಿ ಕಂಡಿತು. ಕಾರ್ಲ್ ಬ್ಯಾಟಮ್ಸ್ ತಂಡ 2020ರಲ್ಲಿ ಅದನ್ನು ವರದಿ ಮಾಡಿತು. 2023ರಲ್ಲಿ ಪ್ರಿನ್ಸ್‌ಟನ್ನಿನ ವುಲ್ಫ್ ಕೂಕಿಯರ್ ಮತ್ತು ಜೇಮಿ ಸಲೈ ಮೂರು ಬಗೆಯ ಹುಟ್ಟನ್ನು ಗಣಕದಲ್ಲಿ ಹೂಡಿ ನೋಡಿದರು: ಸದ್ದಿಲ್ಲದೆ ಬೇರ್ಪಟ್ಟದ್ದು, ಧೂಮಕೇತುವಿನಂತೆ ಸೂಸಿದ್ದು, ಒಮ್ಮೆಗೇ ಬಿರುಸಾಗಿ ಒಡೆದದ್ದು. ಪಾರ್ಕರ್ ಕಂಡ ಜಾಡಿನ ಸ್ಥಾನಕ್ಕೆ ಹೊಂದಿದ್ದು ಮೂರನೆಯದು. ಧೂಮಕೇತುವಿನ ಮಾದರಿಯ ಮೇಲೆ ದೀರ್ಘಕಾಲ ದುಡಿದ ಟಾಮ್ಸ್ಕ್‌ನ ಗಲಿನಾ ರ್ಯಾಬೊವಾ ಅವರ ಲೆಕ್ಕಗಳಲ್ಲೂ ಮಾದರಿಯ ವೃಷ್ಟಿ ನಿಜವಾದ ವೃಷ್ಟಿಯೊಡನೆ ಸರಿಯಾಗಿ ಕೂಡಿಬರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಕಾಲದ ಬಗ್ಗೆ ಒಂದು ಮಾತು. ಜೆಮಿನಿಡ್‌ಗಳನ್ನು ಪ್ರತ್ಯೇಕ ವೃಷ್ಟಿಯೆಂದು ಗುರುತಿಸಿದ್ದು 1862ರಷ್ಟು ಈಚೆಗೆ, ಮ್ಯಾಂಚೆಸ್ಟರಿನ ರಾಬರ್ಟ್ ಗ್ರೆಗ್ ಮತ್ತು ಅದೇ ಹೊತ್ತಿಗೆ ಅಮೆರಿಕದ ವೀಕ್ಷಕರು. ವೃಷ್ಟಿ ಹೊಸದಾದ್ದರಿಂದ ಒಡೆತವೂ ಅದೇ ಶತಮಾನದ್ದು ಎಂದು ತಿಳಿಯಬಾರದು. ಪ್ರಾಗ್‌ನ ಮಿರೊಸ್ಲಾವ್ ಪ್ಲಾವೆಟ್ಸ್ 1950ರಲ್ಲೇ ಲೆಕ್ಕ ಹಾಕಿದಂತೆ, ಗ್ರಹಗಳ ಸೆಳೆತದಿಂದ ಈ ಪ್ರವಾಹ ಭೂಮಿಯ ಕಕ್ಷೆಗೆ ಅಡ್ಡಲಾಗಿ ವೇಗವಾಗಿ ಸರಿಯುತ್ತಿದೆ. ಮೊದಲು ಒಳಗಿತ್ತು, ಈಗ ತಾಗುತ್ತಿದೆ, ಮುಂದೆ ಹೊರಗೆ ಹೋಗುತ್ತದೆ. ಕಣಗಳು ಬಹಳ ಹಿಂದೆಯೇ ಇದ್ದವು, ನಾವು ಅವುಗಳ ದಾರಿಗೆ ಬಂದದ್ದು ತಡವಾಗಿ. ಫ್ರೆಡ್ ವಿಪಲ್ 1947ರಲ್ಲಿ ಛಾಯಾಚಿತ್ರಗಳಿಂದ ಜೆಮಿನಿಡ್ ಕಕ್ಷೆಯ ಅವಧಿಯನ್ನು 1.65 ವರ್ಷವೆಂದು ಹಿಡಿದಾಗ ಅಷ್ಟು ಸಣ್ಣ ಕಕ್ಷೆಯ ಧೂಮಕೇತು ಯಾವುದೂ ಗೊತ್ತಿರಲಿಲ್ಲ. 1983ರ ಅಕ್ಟೋಬರಿನಲ್ಲಿ ಐರಾಸ್ ಉಪಗ್ರಹದ ದತ್ತಾಂಶದಲ್ಲಿ ಸೈಮನ್ ಗ್ರೀನ್ ಮತ್ತು ಜಾನ್ ಡೇವಿಸ್ ಫೇಥಾನನ್ನು ಕಂಡ ಕೆಲವೇ ದಿನಗಳಲ್ಲಿ ಎರಡರ ನಂಟನ್ನು ಸಾರಿದವರೂ ವಿಪಲ್ಲರೇ.

ಫೇಥಾನ್ ಯಾವ ಜಾತಿಯ ಶಿಲೆ ಎಂಬ ವಿಚಾರ ಇನ್ನೂ ಇತ್ಯರ್ಥವಾಗುವ ದಾರಿಯಲ್ಲಿದೆ. 2010ರಲ್ಲಿ ಹೂಲಿಯಾ ಡೆ ಲಿಯೋನ್ ಮತ್ತು ಸಂಗಡಿಗರು ಅದನ್ನು ಪಲ್ಲಾಸ್ ಕ್ಷುದ್ರಗ್ರಹದ ಕುಟುಂಬಕ್ಕೆ ಸೇರಿಸಿದರು. 2023ರಲ್ಲಿ ಎರಿಕ್ ಮ್ಯಾಕ್‌ಲೆನನ್ ಮತ್ತು ಮಿಕಾಯೆಲ್ ಗ್ರಾನ್‌ವಿಕ್ ಸ್ಪಿಟ್ಜರ್ ದೂರದರ್ಶಕದ ಹಳೆಯ ಅವಕೆಂಪು ರೋಹಿತವನ್ನು ಮತ್ತೆ ಓದಿ, ಅದು ಕಾದು ಒಣಗಿದ ಸಿವೈ ಎಂಬ ಅಪರೂಪದ ಇಂಗಾಲಯುತ ಉಲ್ಕಾಪಿಂಡಗಳಿಗೆ ಹೊಂದುತ್ತದೆ ಎಂದರು. ಅವರ ಲೆಕ್ಕದಂತೆ ಇಂಥ ಶಿಲೆ ಕಾದಾಗ ಕಾರ್ಬೊನೇಟ್‌ಗಳಿಂದ ಇಂಗಾಲದ ಡೈಆಕ್ಸೈಡ್, ಖನಿಜಗಳಿಂದ ನೀರಾವಿ, ಇನ್ನೂ ಕಾದರೆ ಗಂಧಕದ ಅನಿಲ ಬಿಡುಗಡೆಯಾಗುತ್ತವೆ. ಮುರಿಯಲು ಬೇಕಾದ ಒತ್ತಡ ಒಳಗಿನಿಂದಲೇ ಒದಗಬಹುದು, ಮಂಜುಗಡ್ಡೆ ಬೇಕಾಗಿಲ್ಲ. ಫೇಥಾನ್ ತನ್ನ ಅಕ್ಷದ ಸುತ್ತ 3.6 ಗಂಟೆಗೊಮ್ಮೆ ತಿರುಗುತ್ತದೆ. ಸಡಿಲ ಕಾಯವೊಂದು ತಾಳಿಕೊಳ್ಳಬಲ್ಲ ಮಿತಿಗೆ ಈ ವೇಗ ಹೆಚ್ಚು ದೂರವಿಲ್ಲ. ಒಳಗಿನ ಅನಿಲ, ವೇಗದ ತಿರುಗು ಎರಡೂ ಸೇರಿ ಕಾಯದ ಒಂದು ಭಾಗ ಕಿತ್ತುಹೋಯಿತೇ, ಅಥವಾ ಬೇರೊಂದು ಕಾಯ ಬಡಿಯಿತೇ ಎಂಬುದನ್ನು ಆರಿಸಲು ಈಗಿನ ದತ್ತಾಂಶ ಸಾಲದು.

ಆದರೆ ಪರೀಕ್ಷೆಗೆ ಒಡ್ಡಬಹುದಾದ ಸಂಗತಿ ಒಂದಿದೆ. ಜೆಮಿನಿಡ್‌ಗಳ ಸೋಡಿಯಂ ಪ್ರಮಾಣವನ್ನು ಸರಾಸರಿ ತೆಗೆಯದೆ, ಒಂದೊಂದು ಕಣದ ಗಟ್ಟಿತನದೊಡನೆ, ಅದು ಎಷ್ಟು ಎತ್ತರದಲ್ಲಿ ಚೂರಾಯಿತು ಎಂಬುದರೊಡನೆ ಜೋಡಿಸಿ ನೋಡಬೇಕು. ಸೋಡಿಯಂ ಉಳಿಸಿಕೊಂಡ ಕಣಗಳು ಆಳದವಾಗಿದ್ದರೆ ಅವು ಬೆಂದ ಪದರದ ಕಣಗಳಿಗಿಂತ ಬೇರೆ ರೀತಿಯಲ್ಲಿ ಒಡೆಯಬೇಕು. ಹರಳಿನ ಗಾತ್ರ ಮಾತ್ರ ಕಾರಣವಾಗಿದ್ದರೆ ಇನ್ನೊಂದು ರೀತಿಯಲ್ಲಿ. ಎರಡೂ ದತ್ತಾಂಶ ಒಂದೇ ಕ್ಯಾಮೆರಾ ಜಾಲದಿಂದ ಸಿಗುವ ವ್ಯವಸ್ಥೆ ಯುರೋಪಿನಲ್ಲಿ ಈಗಾಗಲೇ ಇದೆ. ಇತ್ತ ಜಪಾನಿನ ಡೆಸ್ಟಿನಿ ಪ್ಲಸ್ ನೌಕೆ ಫೇಥಾನಿನ ಪಕ್ಕದಲ್ಲಿ ಹಾದುಹೋಗುವ ಯೋಜನೆಯಿದೆ. ಅದರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಧೂಳು ವಿಶ್ಲೇಷಕ ಇರುತ್ತದೆ. ಈ ಲೇಖನದ ವಾದ ಸರಿಯಿದ್ದರೆ, ಫೇಥಾನಿನ ಸಮೀಪ ಅದು ಹೊಸದಾಗಿ ಹೊರಬಿದ್ದ ಮೈಕ್ರಾನ್ ಧೂಳನ್ನು ಬಹಳ ಕಡಿಮೆ ಕಾಣಬೇಕು. ಸಿಕ್ಕ ಕಣಗಳಲ್ಲಿ ಸೋಡಿಯಂ ಇರುವವೂ ಇಲ್ಲದವೂ ಬೆರೆತಿರಬೇಕು. ದಟ್ಟ ಧೂಳು ಸಿಕ್ಕರೆ, ಅಥವಾ ಎಲ್ಲ ಕಣಗಳಲ್ಲೂ ಸೋಡಿಯಂ ಒಂದೇ ಸಮ ಬರಿದಾಗಿದ್ದರೆ, ಆಳದ ಕಣಗಳ ಬಗ್ಗೆ ಇಲ್ಲಿ ಹೇಳಿದ್ದನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ.